ಎಕ್ಸಿಕ್ಯೂಟರ್ ಚಿಕ್ಕಪ್ಪ ತೀರಿಕೊಂಡರು, ಅಪ್ಪನ ಉಯಿಲಿನ ಗತಿ ಏನು?

ಪ್ರಶ್ನೆ: ನಮ್ಮ ತಂದೆ ಕುಂದಾಪುರದ ಕಡೆಯವರು. ಚಿಕ್ಕ ವಯಸ್ಸಿಗೇ ಮುಂಬಯಿಗೆ ಹೋಗಿ ಮಾಟುಂಗಾದಲ್ಲಿ ಹೋಟೆಲ್ ನಡೆಸಿದರು. 2011ರಲ್ಲಿ ಅಲ್ಲೇ ಉಯಿಲು ಬರೆದು ಚಿಕ್ಕಪ್ಪನನ್ನು ಎಕ್ಸಿಕ್ಯೂಟರ್, ಅಂದರೆ ಉಯಿಲು ಜಾರಿ ಮಾಡುವವರು, ಮಾಡಿದರು. 2013ರಲ್ಲಿ ತೀರಿಕೊಂಡರು. 2015ರಲ್ಲಿ ಬಾಂಬೆ ಹೈಕೋರ್ಟ್ ಚಿಕ್ಕಪ್ಪನಿಗೆ ಪ್ರೊಬೇಟ್ ಕೊಟ್ಟಿತು. ಅವರು ಸಾಲ ತೀರಿಸಿದರು. ಉಯಿಲಿನಂತೆ ಮುಲುಂಡಿನ ಫ್ಲಾಟನ್ನು ಅಮ್ಮನ ಹೆಸರಿಗೆ ಮಾಡಿಸಿದರು. ಬೆಂಗಳೂರಿನ ಸೈಟು ನನಗೆ ಎಂದು ಬರೆದಿದೆ. 2017ರಲ್ಲಿ ಚಿಕ್ಕಪ್ಪ ಅದರ ಮೂಲ ಪತ್ರ ನನ್ನ ಕೈಗೆ ಕೊಟ್ಟು "ಇನ್ನು ಕಂದಾಯ ನೀನೇ ಕಟ್ಟಿಕೋ" ಎಂದರು. ಖಾತೆ ಮಾತ್ರ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಮುಲುಂಡಿನ ಒಂದು ಅಂಗಡಿ ಮಾರಿ, ಹಣವನ್ನು ನನಗೂ ತಂಗಿಗೂ ಹಂಚಬೇಕು ಎಂದಿದೆ. ಅದು ಮಾರಾಟವಾಗಿಲ್ಲ, ಬಾಡಿಗೆಗಿದೆ. "ಉಳಿದದ್ದೆಲ್ಲ ಹೆಂಡತಿಗೆ" ಎಂದಿದೆ. ಆ ಉಳಿದದ್ದರಲ್ಲಿ ಹಳೆಯ ಕಾಗದದ ಷೇರುಗಳಿವೆ. 2024ರ ನವೆಂಬರಿನಲ್ಲಿ ಚಿಕ್ಕಪ್ಪ ಹೋದರು. ಅಲ್ಲಿಂದ ಅಂಗಡಿಯ ಬಾಡಿಗೆ ಅವರ ಮಗ ತೆಗೆದುಕೊಳ್ಳುತ್ತಿದ್ದಾನೆ. "ಅಪ್ಪನ ಉಯಿಲಿಗೆ ನಾನೇ ಎಕ್ಸಿಕ್ಯೂಟರ್, ಹಾಗಾಗಿ ದೊಡ್ಡಪ್ಪನ ಉಯಿಲಿಗೂ ನಾನೇ" ಅನ್ನುತ್ತಾನೆ. ಲಂಡನ್ನಿನಲ್ಲಿರುವ ತಂಗಿ ಅಲ್ಲಿನ ವಕೀಲರನ್ನು ಕೇಳಿದರೆ ಅವರೂ ಹೌದು ಅಂದರಂತೆ. ಅಂಗಡಿ ಕೊಳ್ಳಲು ಬಂದ ಬ್ರೋಕರ್ ಮಾತ್ರ "ಪ್ರೊಬೇಟ್ ಲ್ಯಾಪ್ಸ್ ಆಯ್ತು, ಉಯಿಲು ಮುಗೀತು, ಇನ್ನು ವಾರಸುದಾರರೆಲ್ಲ ಸಮವಾಗಿ ಹಂಚಿಕೊಳ್ಳಬೇಕು" ಅನ್ನುತ್ತಾನೆ. ಅಮ್ಮನಿಗೆ 79. ನಾವೇನು ಮಾಡಬೇಕು?

ಉತ್ತರ: ಬ್ರೋಕರ್ ಹೇಳಿದ್ದು ತಪ್ಪು. ನಿಮ್ಮ ಚಿಕ್ಕಪ್ಪನ ಮಗ ಹೇಳಿದ್ದೂ ತಪ್ಪು. ಲಂಡನ್ ವಕೀಲರು ಹೇಳಿದ್ದು ಸರಿ, ಆದರೆ ಲಂಡನ್ನಿಗೆ ಸರಿ.

ಬ್ರೋಕರ್ ಮಾತನ್ನು ಮೊದಲು ಮುಗಿಸಿಬಿಡೋಣ. ಪ್ರೊಬೇಟ್ ಅಂದರೆ ಎಲ್‌ಐಸಿ ಪಾಲಿಸಿ ಅಲ್ಲ, ಕಂತು ಕಟ್ಟದಿದ್ದರೆ ಲ್ಯಾಪ್ಸ್ ಆಗುವುದಕ್ಕೆ. ಪ್ರೊಬೇಟಿನಲ್ಲಿ ಕೋರ್ಟು ಎರಡು ಮಾತು ಹೇಳಿರುತ್ತದೆ. ಇದು ಇಂಥವರ ಕೊನೆಯ ಉಯಿಲು, ಇದು ನಿಜ. ಇದನ್ನು ಜಾರಿ ಮಾಡುವ ಅಧಿಕಾರ ಇಂಥವರಿಗೆ. ಮೊದಲನೆಯ ಮಾತಿಗೆ ಚಿಕ್ಕಪ್ಪನ ಸಾವಿನಿಂದ ಏನೂ ಆಗಿಲ್ಲ. ಅದು ಇಡೀ ಲೋಕದ ಮೇಲೆ ಕಟ್ಟುವ ತೀರ್ಪು, ಹಾಗೇ ನಿಂತಿದೆ. ಚಿಕ್ಕಪ್ಪ ತೀರಿಸಿದ ಸಾಲ, ಮಾಡಿಸಿದ ಫ್ಲಾಟ್ ವರ್ಗಾವಣೆ ಎಲ್ಲವೂ ಊರ್ಜಿತ. ಎರಡನೆಯ ಮಾತು ಮಾತ್ರ ನಿಂತುಹೋಗಿದೆ, ಯಾಕೆಂದರೆ ಅಧಿಕಾರ ಇದ್ದ ಮನುಷ್ಯನೇ ಇಲ್ಲ. ಕುರ್ಚಿ ಖಾಲಿಯಾಗಿದೆ, ಅಷ್ಟೇ.

"ಲ್ಯಾಪ್ಸ್" ಎಂಬ ಪದ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಇದೆ ನಿಜ. ಆದರೆ ಅದು 105ನೇ ಸೆಕ್ಷನ್ನಿನಲ್ಲಿ, ಬೇರೆಯೇ ವಿಷಯಕ್ಕೆ. ಉಯಿಲಿನಲ್ಲಿ ಯಾರಿಗೆ ಆಸ್ತಿ ಬರೆದಿದೆಯೋ ಅವರು ಬರೆದವರಿಗಿಂತ ಮೊದಲೇ ಸತ್ತರೆ ಆ ಕೊಡುಗೆ ಬಿದ್ದುಹೋಗುತ್ತದೆ ಎಂಬ ಮಾತದು. ನಿಮ್ಮಲ್ಲಿ ಅಮ್ಮ, ನೀವು, ತಂಗಿ ಮೂವರೂ ಇದ್ದೀರಿ. ಸಮವಾಗಿ ಹಂಚಿಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ.

ಇನ್ನು ಚಿಕ್ಕಪ್ಪನ ಮಗನ ವಾದ. ಹಿಂದೆ ನಮ್ಮ ಹಳ್ಳಿಗಳಲ್ಲಿ ಶಾನುಭೋಗಿಕೆ, ಪಟೇಲಿಕೆ ಅಪ್ಪನಿಂದ ಮಗನಿಗೆ ಬರುತ್ತಿದ್ದವು. ಎಕ್ಸಿಕ್ಯೂಟರ್‌ಗಿರಿ ಹಾಗೆ ಬರುವುದಿಲ್ಲ. ಅದು ನಿಮ್ಮ ತಂದೆ ಒಬ್ಬ ಮನುಷ್ಯನ ಮೇಲೆ ಇಟ್ಟ ನಂಬಿಕೆ. ಸೆಕ್ಷನ್ 211ರ ಪ್ರಕಾರ ಸತ್ತವರ ಆಸ್ತಿ ಎಕ್ಸಿಕ್ಯೂಟರ್ ಕೈಗೆ ಬರುತ್ತದೆ, ಆದರೆ ಎಕ್ಸಿಕ್ಯೂಟರ್ ಎಂಬ ನೆಲೆಯಲ್ಲಿ ಮಾತ್ರ. ಅದು ಚಿಕ್ಕಪ್ಪನ ಸ್ವಂತ ಆಸ್ತಿ ಆಗಿರಲಿಲ್ಲ. ಸ್ವಂತದ್ದಲ್ಲದ್ದು ಮಗನಿಗೆ ಹೇಗೆ ಇಳಿದು ಬಂದೀತು?

ಲಂಡನ್ ವಕೀಲರ ಮಾತು ಎಲ್ಲಿಂದ ಬಂತು ಎಂದು ಹೇಳಿಬಿಡುತ್ತೇನೆ, ನಿಮ್ಮ ತಂಗಿಗೆ ಬೇಜಾರಾಗದಿರಲಿ. ಇಂಗ್ಲೆಂಡಿನಲ್ಲಿ 1925ರ ಆಡ್ಮಿನಿಸ್ಟ್ರೇಷನ್ ಆಫ್ ಎಸ್ಟೇಟ್ಸ್ ಕಾಯ್ದೆ ಇದೆ. ಅದರ 7ನೇ ಸೆಕ್ಷನ್ ಪ್ರಕಾರ ಎಕ್ಸಿಕ್ಯೂಟರನ ಎಕ್ಸಿಕ್ಯೂಟರ್, ತನ್ನವನ ಉಯಿಲಿಗೆ ಪ್ರೊಬೇಟ್ ಪಡೆದರೆ, ಮೊದಲಿನವರ ಉಯಿಲಿಗೂ ತಾನಾಗಿಯೇ ಎಕ್ಸಿಕ್ಯೂಟರ್ ಆಗುತ್ತಾನೆ. ಸರಪಳಿಯ ಹಾಗೆ. ತಮಾಷೆ ನೋಡಿ, ನಮ್ಮ ಕಾಯ್ದೆಯೂ ಅದೇ 1925ರದ್ದು. ಆದರೆ ನಮ್ಮದು ಬೇರೆ ದಾರಿ ಹಿಡಿದಿದೆ. ಸೆಕ್ಷನ್ 258 ನೇರವಾಗಿ ನಿಮ್ಮ ಸಂದರ್ಭಕ್ಕೇ ಬರೆದಂತಿದೆ: ಪ್ರೊಬೇಟ್ ಪಡೆದ ಎಕ್ಸಿಕ್ಯೂಟರ್ ಸತ್ತು, ಆಸ್ತಿಯ ಒಂದು ಭಾಗ ವಿಲೇವಾರಿಯಾಗದೆ ಉಳಿದರೆ, ಆ ಭಾಗಕ್ಕೆ ಹೊಸ ಪ್ರತಿನಿಧಿಯನ್ನು ನೇಮಿಸಬಹುದು. ನೇಮಿಸುವುದು ಕೋರ್ಟು. ತಾನಾಗಿ ಯಾರೂ ಆಗುವುದಿಲ್ಲ. ಮುಂದಿನ ಸೆಕ್ಷನ್ 259 ಇನ್ನೂ ಬಿಗಿ. ಮೊದಲ ಸಲ ಯಾರಿಗೆ ಈ ಅಧಿಕಾರ ಕೊಡಬಹುದಿತ್ತೋ ಅವರಿಗೇ ಈಗಲೂ ಕೊಡಬೇಕು ಅನ್ನುತ್ತದೆ. ನಿಮ್ಮ ಚಿಕ್ಕಪ್ಪನ ಮಗ ಆ ಸಾಲಿನಲ್ಲೇ ಇಲ್ಲ.

ಕೋರ್ಟು ಹೀಗೆ ಕೊಡುವ ಅಧಿಕಾರಪತ್ರವನ್ನು ವಕೀಲರು "ಡಿ ಬೋನಿಸ್ ನಾನ್" ಗ್ರ್ಯಾಂಟ್ ಅನ್ನುತ್ತಾರೆ. ಲ್ಯಾಟಿನ್. ಇನ್ನೂ ವಿಲೇವಾರಿಯಾಗದ ಆಸ್ತಿಗಳ ಬಗ್ಗೆ ಎಂದರ್ಥ. ಹೆಸರು ಕೇಳಿ ಹೆದರಬೇಡಿ. ನಿಮಗೆ ಸಿಗುವ ಕಾಗದದ ಪೂರ್ತಿ ಹೆಸರು ಉಯಿಲು ಲಗತ್ತಿಸಿದ ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್. ಪಡೆದವರನ್ನು ಎಕ್ಸಿಕ್ಯೂಟರ್ ಅನ್ನುವುದಿಲ್ಲ, ಅಡ್ಮಿನಿಸ್ಟ್ರೇಟರ್ ಅನ್ನುತ್ತಾರೆ.

ಕೋರ್ಟಿಗೆ ಹೋಗುವ ಮೊದಲು ಒಂದು ಕೆಲಸ. ಉಯಿಲನ್ನು ಇನ್ನೊಂದು ಸಲ, ನಿಧಾನವಾಗಿ, ಕೊನೆಯ ಪುಟದವರೆಗೆ ಓದಿ. "ನನ್ನ ತಮ್ಮನಿಗೆ ಆಗದಿದ್ದರೆ ಇಂಥವರು" ಎಂಬ ಸಾಲು ಎಲ್ಲಾದರೂ ಇದೆಯಾ? ತುಂಬಾ ಉಯಿಲುಗಳಲ್ಲಿ ಇರುತ್ತದೆ, ಯಾರೂ ನೆನಪಿಟ್ಟುಕೊಂಡಿರುವುದಿಲ್ಲ. ಹಾಗಿದ್ದರೆ ಆ ಎರಡನೆಯವರೇ ಪ್ರೊಬೇಟ್ ಕೇಳಬಹುದು. ಆದರೆ ಪದಗಳನ್ನು ತೂಗಿ ನೋಡಿ. "ನನಗಿಂತ ಮೊದಲು ಅವನು ತೀರಿಕೊಂಡರೆ" ಎಂದಷ್ಟೇ ಇದ್ದರೆ ಅದು ನಿಮಗೆ ಉಪಯೋಗಕ್ಕೆ ಬರದೆ ಹೋಗಬಹುದು, ಯಾಕೆಂದರೆ ಚಿಕ್ಕಪ್ಪ ಮೊದಲು ಹೋಗಲಿಲ್ಲ. ಇಬ್ಬರು ಎಕ್ಸಿಕ್ಯೂಟರುಗಳಿಗೆ ಪ್ರೊಬೇಟ್ ಆಗಿ ಒಬ್ಬರು ಸತ್ತಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಸೆಕ್ಷನ್ 226ರಂತೆ ಉಳಿದವರಿಗೇ ಪೂರ್ತಿ ಅಧಿಕಾರ. ನೀವು ಬರೆದಿರುವುದನ್ನು ನೋಡಿದರೆ ಒಬ್ಬರೇ ಇದ್ದಂತಿದೆ. ಹಾಗೆಂದೇ ಇಟ್ಟುಕೊಂಡು ಮುಂದೆ ಹೇಳುತ್ತೇನೆ.

ನಿಜವಾಗಿ ಉಳಿದಿರುವುದು ಏನು? ಇದು ಇಡೀ ಉತ್ತರದ ತಿರುಳು. ಇಲ್ಲೇ ತುಂಬಾ ಮನೆಯವರು ಸುಮ್ನೆ ದುಡ್ಡು, ವರ್ಷ ಎರಡೂ ಕಳೆದುಕೊಳ್ಳುತ್ತಾರೆ.

ಉಯಿಲಿನಲ್ಲಿ ನಿಮ್ಮ ಹೆಸರಿಗೆ ಒಂದು ಸೈಟು ಬರೆದಿದ್ದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಮೊದಲು ಸಾಲ ಕೊಟ್ಟವರಿಗೆ ಸಲ್ಲಬೇಕಾದ್ದು ಸಂದು, ಆಮೇಲೆ ಎಕ್ಸಿಕ್ಯೂಟರ್ "ಸರಿ, ತಗೋ" ಅನ್ನಬೇಕು. ಕಾಯ್ದೆ ಇದನ್ನು ಸಮ್ಮತಿ ಅನ್ನುತ್ತದೆ, ಸೆಕ್ಷನ್ 332. ಸಮ್ಮತಿ ಬಿದ್ದ ಕ್ಷಣ ಆಸ್ತಿ ಎಕ್ಸಿಕ್ಯೂಟರ್ ಕೈಬಿಟ್ಟು ನಿಮ್ಮ ಕೈಗೆ ಬರುತ್ತದೆ. ಅದರ ಫಲ ನಿಮ್ಮ ತಂದೆ ತೀರಿಕೊಂಡ ದಿನದಿಂದಲೇ ಎಂದು 336 ಹೇಳುತ್ತದೆ. ಆಮೇಲೆ ಎಕ್ಸಿಕ್ಯೂಟರ್ ಬದುಕಿದ್ದರೂ ಒಂದೇ, ಸತ್ತರೂ ಒಂದೇ. ಆ ಆಸ್ತಿ "ವಿಲೇವಾರಿಯಾಗದ್ದು" ಅಲ್ಲವೇ ಅಲ್ಲ.

ಈ ಸಮ್ಮತಿಗೆ ಸ್ಟಾಂಪ್ ಪೇಪರ್ ಬೇಕಾ? ಬೇಡ. ನೋಂದಣಿ? ಬೇಡ. ಸೆಕ್ಷನ್ 333 ಪ್ರಕಾರ ಅದು ಬಾಯಿಮಾತಿನಲ್ಲಿ ಇರಬಹುದು, ನಡವಳಿಕೆಯಿಂದ ತಿಳಿಯುವಂತೆಯೂ ಇರಬಹುದು. ಕಾಯ್ದೆಯಲ್ಲೇ ಒಂದು ಉದಾಹರಣೆ ಇದೆ, ನನಗೆ ಬಹಳ ಇಷ್ಟ. ಉಯಿಲಿನಲ್ಲಿ ಒಬ್ಬನಿಗೆ ಕುದುರೆ ಬರೆದಿದೆ. ಯಾರೋ ಆ ಕುದುರೆ ಕೊಳ್ಳಲು ಎಕ್ಸಿಕ್ಯೂಟರ್ ಹತ್ತಿರ ಬರುತ್ತಾನೆ. "ನನ್ನನ್ನಲ್ಲ, ಅವನನ್ನು ಕೇಳು" ಎಂದು ಎಕ್ಸಿಕ್ಯೂಟರ್ ಕಳಿಸುತ್ತಾನೆ. ಅಷ್ಟೇ. ಸಮ್ಮತಿ ಆಯಿತು.

ಈಗ ನಿಮ್ಮ ಚಿಕ್ಕಪ್ಪ 2017ರಲ್ಲಿ ಮಾಡಿದ್ದನ್ನು ನೋಡಿ. ಮೂಲ ಕ್ರಯಪತ್ರ ಕೈಗೆ ಕೊಟ್ಟರು. ಇನ್ನು ಕಂದಾಯ ನೀನೇ ಕಟ್ಟಿಕೋ ಎಂದರು. ಕುದುರೆಯ ಕಥೆಗಿಂತ ಇದು ಗಟ್ಟಿ, ಅಲ್ವಾ? ನನ್ನ ಅಭಿಪ್ರಾಯದಲ್ಲಿ ಬೆಂಗಳೂರಿನ ಸೈಟು ಅಂದೇ ನಿಮ್ಮದಾಯಿತು. ಅದಕ್ಕಾಗಿ ಹೊಸ ಗ್ರ್ಯಾಂಟ್ ಬೇಕಿಲ್ಲ. ಖಾತೆ ಅಪ್ಪನ ಹೆಸರಲ್ಲಿ ಉಳಿದಿರುವುದು ಕಂದಾಯದ ದಾಖಲೆಯ ವಿಷಯ, ಮಾಲೀಕತ್ವದ್ದಲ್ಲ. ಪ್ರೊಬೇಟಿನ ದೃಢೀಕೃತ ಪ್ರತಿ, ಅದಕ್ಕೆ ಲಗತ್ತಾದ ಉಯಿಲು, ತಂದೆಯ ಮರಣದ ಸರ್ಟಿಫಿಕೇಟ್, 2017ರಿಂದ ಈಚಿನ ಕಂದಾಯ ರಸೀದಿಗಳು, ಜೊತೆಗೆ ನಿಮ್ಮದೊಂದು ಪ್ರಮಾಣಪತ್ರ (ಅಫಿಡವಿಟ್). ಇಷ್ಟು ಹಿಡಿದು ಖಾತೆ ಬದಲಾವಣೆಗೆ ಅರ್ಜಿ ಹಾಕಿ. ಹೈಕೋರ್ಟಿನ ಪ್ರೊಬೇಟ್ ಆಗಿರುವುದರಿಂದ ನಿಮಗೆ ಒಂದು ಅನುಕೂಲವೂ ಇದೆ. ಸೆಕ್ಷನ್ 273ರಂತೆ ಅದು ಬೇರೆ ರಾಜ್ಯಗಳಲ್ಲೂ ನಡೆಯುತ್ತದೆ. ಜಿಲ್ಲಾ ನ್ಯಾಯಾಧೀಶರು ಕೊಟ್ಟದ್ದಾಗಿದ್ದರೆ ಹೊರರಾಜ್ಯದ ಆಸ್ತಿ 10,000 ರೂಪಾಯಿ ಮೀರಬಾರದು ಎಂಬ ಮಿತಿ ಇದೆ. ಇಂದಿನ ಕಾಲಕ್ಕೆ ಆ ಮೊತ್ತಕ್ಕೆ ಸೈಟಿನ ಬೇಲಿಯೂ ಬರುವುದಿಲ್ಲ.

ಕಚೇರಿಯಲ್ಲಿ ಗುಮಾಸ್ತರು "ಎಕ್ಸಿಕ್ಯೂಟರ್ ಸಹಿ ಎಲ್ಲಿ?" ಎಂದು ಕೂತುಬಿಡಬಹುದು. ಚಿಕ್ಕಪ್ಪ ಪತ್ರ ಕೊಟ್ಟಾಗ ಅಲ್ಲಿ ಯಾರಿದ್ದರು? ಅಮ್ಮ ಇದ್ದರೆ ಅವರಿಂದ ಈಗಲೇ ಒಂದು ಪ್ರಮಾಣಪತ್ರ ಮಾಡಿಸಿಡಿ. ಚಿಕ್ಕಪ್ಪ ಆ ಬಗ್ಗೆ ಕಳಿಸಿದ ಕಾಗದ, ವಾಟ್ಸಾಪ್ ಸಂದೇಶ ಏನಾದರೂ ಸಿಕ್ಕಿದರೆ ಅದೂ ಸಾಕ್ಷಿಯೇ. ಇಷ್ಟಾದರೂ ಕಚೇರಿಯವರು ಒಪ್ಪದಿದ್ದರೆ, ಮುಂದೆ ಹೇಳುವ ಅರ್ಜಿಯಲ್ಲಿ ಸೈಟಿನ ಸಂಗತಿಯನ್ನೂ ಬರೆದುಬಿಡಿ. ಚಿಕ್ಕಪ್ಪ ಸಮ್ಮತಿ ಕೊಟ್ಟಿದ್ದರು ಎಂದು ಸ್ಪಷ್ಟವಾಗಿ ಹೇಳಿ, ಕಚೇರಿಯ ತೊಡಕು ನಿವಾರಿಸಲು ಮಾತ್ರ ಸೇರಿಸುತ್ತಿದ್ದೇವೆ ಅನ್ನಿ.

ಅಂಗಡಿ ಹಾಗಲ್ಲ. ಮಾರಿ ಹಂಚಬೇಕು ಎಂದಿದೆ. ಮಾರಲೂ ಇಲ್ಲ, ಹಂಚಲೂ ಇಲ್ಲ. ಇದು ಅಪ್ಪಟ ಉಳಿಕೆ. ಇದನ್ನು ಮಾರಲು ಕೋರ್ಟು ನೇಮಿಸಿದ ಮನುಷ್ಯ ಬೇಕೇ ಬೇಕು.

ಷೇರುಗಳದ್ದು ನಡುವಿನ ಸ್ಥಿತಿ. ಅವು ಅಮ್ಮನಿಗೆ ಸೇರಬೇಕಾದವು. ಮೊದಲು ಅವು ಎಲ್ಲಿವೆ ಎಂದು ಹುಡುಕಿ. ಸತತ 7 ವರ್ಷ ಡಿವಿಡೆಂಡ್ ಯಾರೂ ತೆಗೆದುಕೊಳ್ಳದಿದ್ದರೆ ಕಂಪನಿ ಕಾಯ್ದೆಯಂತೆ ಷೇರುಗಳೇ ಸರ್ಕಾರದ ಹೂಡಿಕೆದಾರರ ನಿಧಿಗೆ, ಅಂದರೆ ಐಇಪಿಎಫ್‌ಗೆ, ಹೋಗುತ್ತವೆ. ತಂದೆ ತೀರಿಕೊಂಡು ಹತ್ತು ವರ್ಷ ದಾಟಿದೆ. ಹೋಗಿರುವ ಸಾಧ್ಯತೆಯೇ ಜಾಸ್ತಿ. ಹೋದರೂ ವಾಪಸ್ ಬರುತ್ತವೆ. ಕಂಪನಿಯಿಂದ ಹಕ್ಕಿನ ಪತ್ರ ಪಡೆದು ಐಇಪಿಎಫ್-5 ನಮೂನೆ ತುಂಬಬೇಕು. ಒಂದು ಕಂಪನಿಯ ಕಾಗದದ ಷೇರಿನ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನಿಯಮದಂತೆ ದಾಖಲೆಗಳು ಸರಳ. ಆ ಮಿತಿಯೊಳಗೆ ಇದ್ದರೆ ಹೊಸ ಗ್ರ್ಯಾಂಟ್ ಇಲ್ಲದೆಯೂ ಕೆಲಸ ಆಗಬಹುದು, ಕೇಳಿ ನೋಡಿ. ಅಮ್ಮನ ಹೆಸರಲ್ಲಿ ಒಂದು ಡಿಮ್ಯಾಟ್ ಖಾತೆ ಮಾತ್ರ ಈಗಲೇ ತೆರೆಸಿಡಿ. ಅಂಗಡಿಗಾಗಿ ಹೇಗೂ ಕೋರ್ಟಿಗೆ ಹೋಗುತ್ತಿದ್ದೀರಿ, ಷೇರುಗಳನ್ನೂ ಪಟ್ಟಿಯಲ್ಲಿ ಸೇರಿಸಿ. ಹೆಚ್ಚಿನ ಶ್ರಮವೇನಿಲ್ಲ.

ಅರ್ಜಿ ಯಾರು ಹಾಕಬೇಕು? ಸೆಕ್ಷನ್ 232 ಇದನ್ನು ಹೇಳುತ್ತದೆ. ಎಕ್ಸಿಕ್ಯೂಟರ್ ಪ್ರೊಬೇಟ್ ಪಡೆದ ಮೇಲೆ ಪೂರ್ತಿ ವಿಲೇವಾರಿ ಮಾಡುವ ಮುನ್ನ ಸತ್ತರೆ, "ಉಳಿದದ್ದೆಲ್ಲ" ಯಾರಿಗೆ ಬರೆದಿದೆಯೋ ಅವರಿಗೆ ಮೊದಲ ಹಕ್ಕು. ಅಂದರೆ ನಿಮ್ಮ ಅಮ್ಮ. ಅಮ್ಮ ಬೇಡ ಅಂದರೆ ಸೆಕ್ಷನ್ 234ರಂತೆ ಉಯಿಲಿನ ಬೇರೆ ಫಲಾನುಭವಿಗಳು ಕೇಳಬಹುದು. ಅಂದರೆ ನೀವು, ತಂಗಿ.

ಕಾನೂನಿನ ಪ್ರಕಾರ ಅಮ್ಮನೇ ಹಾಕುವುದು ಸರಾಗ. ಆದರೂ ನಾನು ಹೇಳುವುದು ಬೇರೆ. ಅಮ್ಮ ಬರಹದಲ್ಲಿ ಬಿಟ್ಟುಕೊಡಲಿ, ನೀವು ಹಾಕಿ. ಹೇಳಲು ಹಿತವಲ್ಲದ ಮಾತು, ಆದರೂ ಹೇಳಬೇಕು. ಅಂಗಡಿ ಮಾರುವ ಮೊದಲೇ ಅಮ್ಮನಿಗೆ ಏನಾದರೂ ಆದರೆ ಕುರ್ಚಿ ಮತ್ತೆ ಖಾಲಿ, ಮತ್ತೆ ಇದೇ ಅರ್ಜಿ. ಅದಲ್ಲದೆ ಅಡ್ಮಿನಿಸ್ಟ್ರೇಟರ್ ಬಾಂಡ್ ಬರೆದುಕೊಡಬೇಕು, ಲೆಕ್ಕ ಒಪ್ಪಿಸಬೇಕು. 79ರ ವಯಸ್ಸಿನಲ್ಲಿ ಅಷ್ಟು ಓಡಾಟ ಯಾಕೆ? ನೀವೂ ತಂಗಿಯೂ ಜೊತೆಯಾಗಿ ಹಾಕಬಹುದು. ಒಬ್ಬರು ಇಲ್ಲವಾದರೆ ಇನ್ನೊಬ್ಬರಿಗೆ ಪೂರ್ತಿ ಅಧಿಕಾರ ಉಳಿಯುತ್ತದೆ ಎಂದು ಸೆಕ್ಷನ್ 312 ಹೇಳುತ್ತದೆ, ಅದು ದೊಡ್ಡ ಲಾಭ. ಆದರೆ ಅರ್ಜಿ, ಬಾಂಡಿನಂಥ ಕಾಗದಗಳಿಗೆ ಲಂಡನ್ನಿನಿಂದ ಸಹಿ ಬರಬೇಕು. ನಾನಾಗಿದ್ದರೆ ಒಬ್ಬನೇ ಹಾಕಿ ತಂಗಿಯ ಒಪ್ಪಿಗೆ ಪತ್ರ ಜೊತೆಗಿಡುತ್ತಿದ್ದೆ. ಇದು ನಿಮ್ಮಿಬ್ಬರ ನಡುವಿನ ನಂಬಿಕೆಯ ವಿಷಯ, ನೀವೇ ತೀರ್ಮಾನಿಸಿ.

ಎಲ್ಲಿ ಹಾಕಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಬಾಂಬೆ ಹೈಕೋರ್ಟಿನ ಟೆಸ್ಟಮೆಂಟರಿ ವಿಭಾಗದಲ್ಲೇ, ಅಂದರೆ ಉಯಿಲುಗಳ ವಿಭಾಗದಲ್ಲೇ. ಬೆಂಗಳೂರಿನಲ್ಲೂ ಆಸ್ತಿ ಇದೆಯಲ್ಲ ಎಂದು ಇಲ್ಲಿಯ ಸಿಟಿ ಸಿವಿಲ್ ಕೋರ್ಟಿಗೆ ಬರಬೇಡಿ. ಮೂಲ ಉಯಿಲು ಇರುವುದು ಅಲ್ಲಿ. ಪ್ರೊಬೇಟ್ ಕೊಟ್ಟ ಮೇಲೆ ಉಯಿಲನ್ನು ಕೋರ್ಟಿನ ದಾಖಲೆಯಲ್ಲೇ ಇಟ್ಟುಕೊಳ್ಳುತ್ತಾರೆ. ಇದರಿಂದ ನಿಮಗೆ ಇನ್ನೊಂದು ನೆಮ್ಮದಿಯೂ ಇದೆ. ಮೂಲ ಪ್ರೊಬೇಟ್ ನಿಮ್ಮ ಚಿಕ್ಕಪ್ಪನ ಮಗನ ಕಪಾಟಿನಲ್ಲಿದ್ದು ಅವನು ಕೊಡದಿದ್ದರೂ ಕೆಲಸ ನಿಲ್ಲುವುದಿಲ್ಲ. ಕೋರ್ಟಿನಿಂದ ದೃಢೀಕೃತ ಪ್ರತಿ ತೆಗೆಸಿ, ಮೂಲ ಯಾರ ಬಳಿ ಇದೆ ಎಂದು ಅರ್ಜಿಯಲ್ಲಿ ಬರೆದರೆ ಆಯಿತು. ಹಳೆಯ ಪ್ರೊಬೇಟನ್ನು ಮೊದಲು ರದ್ದು ಮಾಡಿಸಬೇಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ರದ್ದತಿ ಬೇಕಾಗುವುದು ಎಕ್ಸಿಕ್ಯೂಟರ್ ಬದುಕಿದ್ದು ಬುದ್ಧಿ ಸ್ವಾಧೀನ ತಪ್ಪಿದಂಥ ಸಂದರ್ಭಕ್ಕೆ, ಅದು ಸೆಕ್ಷನ್ 263.

ಅರ್ಜಿಯಲ್ಲಿ ಏನಿರಬೇಕು? ತಂದೆಯ ಉಯಿಲು, ಪ್ರೊಬೇಟಿನ ತಾರೀಖು, ಚಿಕ್ಕಪ್ಪನ ಮರಣ, ಏನೇನು ಮುಗಿದಿದೆ, ಏನು ಉಳಿದಿದೆ. ಮುಗಿದದ್ದನ್ನೂ ಬರೆಯಿರಿ, ಮುಚ್ಚಿಡಬೇಡಿ. ಅದಕ್ಕೂ ಮೊದಲು ಹಳೆಯ ಕಡತ ತಪಾಸಣೆ ಮಾಡಿಸಿ. ಸೆಕ್ಷನ್ 317ರಂತೆ ಎಕ್ಸಿಕ್ಯೂಟರ್ 6 ತಿಂಗಳೊಳಗೆ ಆಸ್ತಿಗಳ ಪಟ್ಟಿ, 1 ವರ್ಷದೊಳಗೆ ಲೆಕ್ಕ ಸಲ್ಲಿಸಬೇಕು. ಸಲ್ಲಿಸುವವರು ಕಡಿಮೆ, ಅದು ಬೇರೆ ಮಾತು. ನಿಮ್ಮ ಚಿಕ್ಕಪ್ಪ ಸಲ್ಲಿಸಿದ್ದರೆ ಅದರಷ್ಟು ಒಳ್ಳೆಯ ಆಧಾರ ಬೇರೆ ಇಲ್ಲ. ಒಮ್ಮೆ ಹೀಗೇ ಕಡತ ತೆಗೆಸಿದಾಗ, ಮನೆಯವರಿಗೆ ಯಾರಿಗೂ ಗೊತ್ತಿಲ್ಲದ ಒಂದು ಠೇವಣಿ ಹಳೆಯ ಪಟ್ಟಿಯಲ್ಲಿ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ.

ಉಯಿಲು ನಿಜವೋ ಸುಳ್ಳೋ ಎಂದು ಮತ್ತೆ ಸಾಬೀತು ಮಾಡಬೇಕಿಲ್ಲ. ಸಾಕ್ಷಿ ಹಾಕಿದವರನ್ನು ಹುಡುಕಿಕೊಂಡು ಅಲೆಯಬೇಕಿಲ್ಲ. ಅದು 2015ರಲ್ಲೇ ಮುಗಿದಿದೆ. ಈಗ ಯಾರಾದರೂ ಕೇವಿಯಟ್ (ತಡೆ ಅರ್ಜಿ) ಹಾಕಿದರೂ ತಕರಾರು ಎತ್ತಬಹುದಾದದ್ದು ಕುರ್ಚಿಯಲ್ಲಿ ಯಾರು ಕೂರಬೇಕು ಎಂಬುದಕ್ಕೆ, ಏನು ಉಳಿದಿದೆ ಎಂಬುದಕ್ಕೆ. ತಕರಾರು ಬಿದ್ದರೆ ಅರ್ಜಿ ದಾವೆಯಾಗಿ ಬದಲಾಗುತ್ತದೆ, ಆಗ ವರ್ಷಗಟ್ಟಲೆ ಎಳೆಯುತ್ತದೆ. ಆದ್ದರಿಂದ ಚಿಕ್ಕಪ್ಪನ ಮಗನ ಜೊತೆ ಮೊದಲೇ ಕೂತು ಮಾತಾಡಿ.

ಕೋರ್ಟ್ ಫೀ ಮತ್ತೆ ಪೂರ್ತಿ ಕಟ್ಟಬೇಕಾ ಎಂಬ ಚಿಂತೆ ನಿಮಗಿರಬಹುದು. ಇಡೀ ಆಸ್ತಿಗೆ ಒಮ್ಮೆ ಪೂರ್ತಿ ಫೀ ಕಟ್ಟಿ ಗ್ರ್ಯಾಂಟ್ ಪಡೆದಿದ್ದರೆ ಅದೇ ಆಸ್ತಿಯ ಎರಡನೆಯ ಗ್ರ್ಯಾಂಟಿಗೆ ಫೀ ಇಲ್ಲ. 1870ರ ಕೋರ್ಟ್ ಫೀ ಕಾಯ್ದೆಯ 19ಸಿ ಸೆಕ್ಷನ್ ಹೇಳುವ ತತ್ವ ಇದು. ಮಹಾರಾಷ್ಟ್ರಕ್ಕೆ ಅದರದ್ದೇ ಕಾಯ್ದೆ ಇದೆ, ಅದರಡಿ ಈ ವಿನಾಯಿತಿ ಕೇಳಿ ಎಂದು ವಕೀಲರಿಗೆ ಮೊದಲ ದಿನವೇ ಹೇಳಿ. 2015ರಲ್ಲಿ ಕಟ್ಟಿದ ಫೀ ಲೆಕ್ಕ ಕಡತದಲ್ಲೇ ಸಿಗುತ್ತದೆ. ಆಗ ಪಟ್ಟಿಗೆ ಸೇರದೆ ಈಗ ಹೊಸದಾಗಿ ಸಿಕ್ಕಿದ ಆಸ್ತಿ ಇದ್ದರೆ ಅದಕ್ಕೆ ಕಟ್ಟಬೇಕಾಗುತ್ತದೆ.

ಪ್ರೊಬೇಟಿಗೂ ಇದಕ್ಕೂ ಒಂದು ವ್ಯತ್ಯಾಸ ಬಾಂಡ್. ಎಕ್ಸಿಕ್ಯೂಟರನ್ನು ಸತ್ತವರೇ ನಂಬಿ ಆರಿಸಿದ್ದರಿಂದ ಅವರಿಂದ ಬಾಂಡ್ ಕೇಳುವುದಿಲ್ಲ. ನಿಮ್ಮನ್ನು ಆರಿಸುವುದು ಕೋರ್ಟು. ಅದಕ್ಕೇ ಸೆಕ್ಷನ್ 291ರಂತೆ ಜಾಮೀನುದಾರರ ಸಮೇತ ಬಾಂಡ್ ಕೇಳುತ್ತದೆ. ಫಲಾನುಭವಿಗಳೆಲ್ಲ ಒಪ್ಪಿದ್ದಾರೆ, ತೀರಿಸಬೇಕಾದ ಸಾಲ ಯಾವುದೂ ಉಳಿದಿಲ್ಲ ಎಂದು ತೋರಿಸಿ ಜಾಮೀನುದಾರರಿಲ್ಲದೆಯೇ ಬಾಂಡ್ ತೆಗೆದುಕೊಳ್ಳಿ ಎಂದು ಕೇಳಿಕೊಳ್ಳಬಹುದು.

ಅಂಗಡಿ ಮಾರುವಾಗ ಒಂದು ಸೂಕ್ಷ್ಮ ಬರುತ್ತದೆ. ಸೆಕ್ಷನ್ 313 ಪ್ರಕಾರ ಉಳಿದ ಆಸ್ತಿಯ ಅಡ್ಮಿನಿಸ್ಟ್ರೇಟರಿಗೆ ಮೊದಲಿನ ಎಕ್ಸಿಕ್ಯೂಟರಿಗಿದ್ದ ಅಧಿಕಾರವೇ ಇದೆ. ಉಯಿಲಿನಲ್ಲಿ ಮಾರು ಎಂದೇ ಬರೆದಿದೆ. ಹಾಗಾದರೆ ನೇರವಾಗಿ ಮಾರಬಹುದಲ್ಲ? ಆದರೆ ಸೆಕ್ಷನ್ 307ರಲ್ಲಿ ಇನ್ನೊಂದು ಮಾತಿದೆ. ಹಿಂದೂ ಒಬ್ಬರ ಸ್ಥಿರಾಸ್ತಿಯನ್ನು ಅಡ್ಮಿನಿಸ್ಟ್ರೇಟರ್ ಕೋರ್ಟಿನ ಮುಂಚಿನ ಅನುಮತಿ ಇಲ್ಲದೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, 5 ವರ್ಷ ಮೀರಿ ಗುತ್ತಿಗೆಗೆ ಕೊಡುವಂತಿಲ್ಲ. ಮಾರಿದರೆ ಹಿತಾಸಕ್ತಿ ಇರುವ ಯಾರಾದರೂ ಅದನ್ನು ರದ್ದು ಮಾಡಿಸಬಹುದು. ಎರಡು ಸೆಕ್ಷನ್ನುಗಳಲ್ಲಿ ಯಾವುದು ಗೆಲ್ಲುತ್ತದೆ ಎಂದು ವಾದ ಮಾಡುವುದು ವಕೀಲರಿಗೆ ಖುಷಿ, ನಿಮಗೆ ಖರ್ಚು. ಕೊಳ್ಳುವವರ ವಕೀಲ 307 ಹಿಡಿದುಕೊಂಡೇ ಬರುತ್ತಾನೆ, ಅವರಿಗೆ ಸಾಲ ಕೊಡುವ ಬ್ಯಾಂಕ್ ಅದಕ್ಕಿಂತ ಬಿಗಿ. ಅರ್ಜಿಯಲ್ಲೇ ಮಾರಾಟದ ಅನುಮತಿಯನ್ನೂ ಕೇಳಿಬಿಡಿ.

2025ರ ಡಿಸೆಂಬರಿನಲ್ಲಿ ಸಂಸತ್ತು 213ನೇ ಸೆಕ್ಷನ್ ತೆಗೆದುಹಾಕಿತು, ಇನ್ನು ಪ್ರೊಬೇಟ್ ಬೇಕಿಲ್ಲವಂತೆ ಎಂದು ನಿಮಗೆ ಯಾರಾದರೂ ಹೇಳಿರಬಹುದು. ಹೇಳಿದ್ದು ನಿಜ. ಮುಂಬಯಿ, ಚೆನ್ನೈ, ಕೋಲ್ಕತ್ತಾ ಕಡೆ ಬರೆದ ಹಿಂದೂ ಉಯಿಲುಗಳಿಗೆ ಪ್ರೊಬೇಟ್ ಕಡ್ಡಾಯ ಎಂಬ ಬ್ರಿಟಿಷ್ ಕಾಲದ ಕಟ್ಟು ಅದು, ಹೋಯಿತು. ಕರ್ನಾಟಕದಲ್ಲಿ ಬರೆದ, ಇಲ್ಲಿಯ ಆಸ್ತಿಗಷ್ಟೇ ಸಂಬಂಧಿಸಿದ ಹಿಂದೂ ಉಯಿಲುಗಳಿಗೆ ಮೊದಲಿನಿಂದಲೂ ಅದು ಇರಲಿಲ್ಲ. ಆದರೆ 213 ಹೋಗಿದೆ, 332 ಹೋಗಿಲ್ಲ. ಸಮ್ಮತಿ ಕೊಡಲು, ಅಂಗಡಿಯ ಕ್ರಯಪತ್ರಕ್ಕೆ ಸಹಿ ಹಾಕಲು ಇಂದಿಗೂ ಒಬ್ಬ ಮನುಷ್ಯ ಬೇಕು.

ಈಗ ಚಿಕ್ಕಪ್ಪನ ಮಗನ ವಿಷಯ. ಅವನು ಕೆಟ್ಟವನು ಎಂದು ನಾನು ಹೇಳುತ್ತಿಲ್ಲ. ಅಪ್ಪ ಮಾಡುತ್ತಿದ್ದ ಕೆಲಸ ತಾನು ಮುಂದುವರಿಸಬೇಕು ಎಂದು ಪ್ರಾಮಾಣಿಕವಾಗಿಯೇ ನಂಬಿರಬಹುದು. ಆದರೆ ಕಾನೂನು ಅವನಿಗೆ ಕೊಡುವ ಹೆಸರು ಒಳ್ಳೆಯದಲ್ಲ. ಅಧಿಕಾರವಿಲ್ಲದೆ ಸತ್ತವರ ಆಸ್ತಿಗೆ ಕೈಹಾಕಿದವನನ್ನು ಸೆಕ್ಷನ್ 303 "ತನ್ನ ತಪ್ಪಿನಿಂದಲೇ ಎಕ್ಸಿಕ್ಯೂಟರ್ ಆದವನು" ಅನ್ನುತ್ತದೆ. ಅಧಿಕಾರ ಸೊನ್ನೆ, ಹೊಣೆ ಮಾತ್ರ ಪೂರ್ತಿ. ಅಂಗಡಿಯ ಬೀಗ ಕಾದಿದ್ದರೆ, ಸೋರುವ ಮಾಡು ರಿಪೇರಿ ಮಾಡಿಸಿದ್ದರೆ ಅದು ತಪ್ಪಲ್ಲ, ಆಸ್ತಿ ಉಳಿಸುವ ಕೆಲಸಕ್ಕೆ ಆ ಸೆಕ್ಷನ್ನೇ ರಿಯಾಯಿತಿ ಕೊಟ್ಟಿದೆ. ಬಾಡಿಗೆ ತೆಗೆದುಕೊಂಡು ಖರ್ಚು ಮಾಡಿದ್ದಕ್ಕೆ ಲೆಕ್ಕ ಕೊಡಲೇಬೇಕು. ಚಿಕ್ಕಪ್ಪ ಬದುಕಿದ್ದಾಗಿನ ಬಾಡಿಗೆಯ ಲೆಕ್ಕವೂ ಬಾಕಿ ಇದ್ದರೆ, ಚಿಕ್ಕಪ್ಪನ ಆಸ್ತಿ ಅವನಿಗೆ ಎಷ್ಟು ಬಂದಿದೆಯೋ ಅಷ್ಟರ ಮಟ್ಟಿಗೆ ಅದಕ್ಕೂ ಅವನು ಉತ್ತರಿಸಬೇಕು.

ನಿಷ್ಠುರದ ನೋಟಿಸು ಕಳಿಸುವ ಮೊದಲು ಒಂದು ಕಾಗದ ಬರೆಯಿರಿ. "ನೀನು ಕಟ್ಟಿದ ತೆರಿಗೆ, ಮಾಡಿದ ರಿಪೇರಿ ಕಳೆದು ಉಳಿದ ಬಾಡಿಗೆ ಲೆಕ್ಕ ಕೊಡು. ಅರ್ಜಿಗೆ ಅಡ್ಡಿಯಿಲ್ಲ ಎಂದು ಬರೆದುಕೊಡು." ಬಾಡಿಗೆದಾರನಿಗೂ ಒಂದು ಪತ್ರ ಕೊಡಿ, ಗ್ರ್ಯಾಂಟ್ ಆಗುವವರೆಗೆ ಬಾಡಿಗೆ ಯಾರಿಗೂ ಕೊಡದೆ ಪ್ರತ್ಯೇಕವಾಗಿ ಇಡು ಎಂದು. ಆ ಪತ್ರದ ಬಲದ ಮೇಲೆ ಬಾಡಿಗೆ ನಿಮಗೆ ಕೊಡು ಎಂದು ಮಾತ್ರ ಕೇಳಬೇಡಿ. ಗ್ರ್ಯಾಂಟ್ ಸಿಗುವವರೆಗೆ ನೀವೂ ಅವನಂತೆಯೇ ಅಧಿಕಾರವಿಲ್ಲದವರು. ಜಗಳ ಜೋರಾದರೆ, ಆಸ್ತಿ ಕಾಪಾಡುವುದಕ್ಕಷ್ಟೇ ಸೀಮಿತವಾದ ತಾತ್ಕಾಲಿಕ ನೇಮಕವನ್ನು ಕೋರ್ಟಿನಿಂದ ಕೇಳಲು ಸೆಕ್ಷನ್ 253 ಇದೆ.

ಅವಧಿಯ ಲೆಕ್ಕ ಮರೆಯಬೇಡಿ. ಇಂಥ ಅರ್ಜಿಗಳಿಗೂ ಲಿಮಿಟೇಷನ್ (ಕಾಲಮಿತಿ) ಕಾಯ್ದೆಯ 137ನೇ ವಿಧಿಯ 3 ವರ್ಷ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಕೆಲಸ ಬಾಕಿ ಇರುವವರೆಗೂ ಅರ್ಜಿಯ ಹಕ್ಕು ಜೀವಂತ ಎಂಬ ಮೃದು ಮಾತೂ ಅದರಲ್ಲಿದೆ. ಆ ಮಾತನ್ನು ನಂಬಿ ಕೂರಬೇಡಿ. ಚಿಕ್ಕಪ್ಪ ತೀರಿಕೊಂಡದ್ದು 2024ರ ನವೆಂಬರ್, ನಿಮ್ಮ ಗಡುವು 2027ರ ನವೆಂಬರ್ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದುಕೊಳ್ಳಿ.

ತಂಗಿಯ ಕಾಗದಗಳ ಬಗ್ಗೆ ಕೊನೆಯದಾಗಿ. ಅವರ ಒಪ್ಪಿಗೆ ಪತ್ರವನ್ನು ಅಲ್ಲಿಯ ನೋಟರಿ ಮುಂದೆ ಸಹಿ ಮಾಡಿ, ಬೇರೆ ದೇಶದಲ್ಲಿ ನಡೆಯಲು ಅಲ್ಲಿಯ ಸರ್ಕಾರ ಕೊಡುವ ಅಪೋಸ್ಟಿಲ್ ಎಂಬ ದೃಢೀಕರಣ ಹಾಕಿಸಬಹುದು, ಇಲ್ಲವೇ ಲಂಡನ್ನಿನ ಭಾರತೀಯ ಹೈಕಮಿಷನ್‌ನಲ್ಲಿ ದೃಢೀಕರಿಸಬಹುದು. ನಿಮ್ಮ ಹೆಸರಿಗೆ ಪವರ್ ಆಫ್ ಅಟಾರ್ನಿಯನ್ನೂ ಕಳಿಸುವುದಾದರೆ, ಅದು ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿಯ ಸ್ಟಾಂಪ್ ಶುಲ್ಕ ಕಟ್ಟಬೇಕು. ಬಂದ ದಿನ ಯಾವುದು ಎಂದು ಮುಂದೆ ಕೇಳುತ್ತಾರೆ. ಅದಕ್ಕೆ ಆ ಕವರನ್ನು, ಅದರ ಮೇಲಿನ ತಾರೀಖಿನ ಸೀಲಿನ ಸಮೇತ, ಕಾಗದದ ಜೊತೆಗೇ ಪಿನ್ ಮಾಡಿ ಇಡಿ.